ನೋಟ್‌ಬುಕ್ ಚಂದ, ಓದು ಬರೋದಿಲ್ಲ: ತಿಕೋಟಾ ಕಡೆಯ ಒಂದು ಏಳನೇ ತರಗತಿಯ ಪ್ರಕರಣ

ಈ ತರಗತಿಯ ಇಂಗ್ಲಿಷ್ ನೋಟ್‌ಬುಕ್ ನೋಡಿದರೆ ಯಾರಿಗಾದರೂ ಖುಷಿಯಾಗುತ್ತದೆ. ದುಂಡನೆಯ ಅಕ್ಷರ, ಕೆಂಪು ಪೆನ್ನಿನಲ್ಲಿ ಪ್ರಶ್ನೆ, ನೀಲಿ ಪೆನ್ನಿನಲ್ಲಿ ಉತ್ತರ, ಹುಡುಕಿದರೂ ಸ್ಪೆಲಿಂಗ್ ತಪ್ಪು ಸಿಗೋದಿಲ್ಲ. ಅದೇ ನೋಟ್‌ಬುಕ್ಕಿನ ಒಂದು ಸಾಲಿನ ಮೇಲೆ ಬೆರಳಿಟ್ಟು "ಇದನ್ನ ಓದು" ಅಂದರೆ ಮಗು ಸುಮ್ಮನೆ ನಿಲ್ಲುತ್ತದೆ. ಕೆಲವರು ಪಟಪಟ ಹೇಳುತ್ತಾರೆ, ಆದರೆ ಅದು ಓದು ಅಲ್ಲ, ಬಾಯಿಪಾಠ. ಪ್ರಶ್ನೆಗಳ ಕ್ರಮ ಬದಲಿಸಿ ಕೇಳಿದರೆ ಮೊದಲನೇ ಪ್ರಶ್ನೆಯ ಉತ್ತರ ಮೂರನೇ ಪ್ರಶ್ನೆಗೆ ಬರುತ್ತದೆ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಕನ್ನಡ ಮಾಧ್ಯಮ. ಏಳನೇ ತರಗತಿಯಲ್ಲಿ ಮೂವತ್ತರ ಆಸುಪಾಸು ಮಕ್ಕಳು. ಹೆಚ್ಚಿನವರ ಮನೆಮಾತು ಕನ್ನಡ, ತಾಂಡಾದಿಂದ ಬರುವವರದು ಲಂಬಾಣಿ, ಎರಡು ಮೂರು ಮನೆಗಳಲ್ಲಿ ಮರಾಠಿ. ಕೆಲವು ಮಕ್ಕಳು ದಸರಾ ಮುಗಿದ ಮೇಲೆ ಅಪ್ಪ ಅವ್ವನ ಜೊತೆ ಕಬ್ಬು ಕಡಿಯುವ ಗ್ಯಾಂಗಿನ ಟ್ರ್ಯಾಕ್ಟರ್ ಹತ್ತುತ್ತಾರೆ, ಮತ್ತೆ ಶಾಲೆಯ ಮುಖ ನೋಡುವುದು ಹೋಳಿ ಹುಣ್ಣಿಮೆ ಹೊತ್ತಿಗೆ. ಟೀಚರನ್ನು ಮಕ್ಕಳು ಅಕ್ಕೋರು ಅಂತಾರೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ನಾನು ಪಕ್ಕದ ಕ್ಲಸ್ಟರಿನಲ್ಲಿ ಇಂಗ್ಲಿಷ್ ಕಲಿಸುವವನು. ಅಕ್ಕೋರ ಜೊತೆ ಕೂತು ಪಾಠ ಯೋಜಿಸಿದ್ದೇನೆ, ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಮೇಲಿನ ತರಗತಿಗಳಿಗೆ ಇಂಗ್ಲಿಷ್ ಕಲಿಸುವ ಎಲ್ಲರಿಗೂ ಇದರಲ್ಲಿ ಕೆಲಸಕ್ಕೆ ಬರುವ ಸಂಗತಿ ಇದೆ ಅನ್ನಿಸಿದ್ದಕ್ಕೆ ಪೂರ್ತಿ ಬರೆಯುತ್ತಿದ್ದೇನೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದದ್ದು 2007-08ರಲ್ಲಿ. ಅಂದರೆ ಈ ಮಕ್ಕಳು ಏಳನೇ ತರಗತಿಗೆ ಬರುವಾಗ ಆರು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದಿರುತ್ತಾರೆ. ಆರು ವರ್ಷದಲ್ಲಿ ಕಲಿತದ್ದು ಹಲಗೆ ನೋಡಿ ಚಂದ ಬರೆಯುವುದು. ಅದೂ ಒಂದು ಶ್ರಮವೇ, ನಾನು ಹಗುರ ಮಾಡುವುದಿಲ್ಲ. ಆದರೆ ಅದನ್ನು ಓದು ಅಂತ ಕರೆಯಲು ಆಗೋದಿಲ್ಲ ಅಲ್ವಾ?

ಜೂನ್‌ನಲ್ಲಿ ಅಕ್ಕೋರು ಮಾಡಿದ ಮೊದಲ ಕೆಲಸ, ಪುಸ್ತಕ ಮುಚ್ಚಿಟ್ಟು ಪ್ರತಿ ಮಗುವನ್ನೂ ವರಾಂಡದಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ನೋಡಿದ್ದು. ಹಳ್ಳಿ ಮಕ್ಕಳ ಓದು, ಲೆಕ್ಕ ಎಷ್ಟಿದೆ ಅಂತ ನೋಡುವ ಪ್ರಥಮ್ ಸಂಸ್ಥೆಯವರ ಅಸರ್ ಸಮೀಕ್ಷೆಯಲ್ಲಿ ಒಂದು ಸರಳ ಹಾಳೆ ಇರುತ್ತದೆ, ದೊಡ್ಡ ಅಕ್ಷರ, ಸಣ್ಣ ಅಕ್ಷರ, ಚಿಕ್ಕ ಪದ, ಚಿಕ್ಕ ವಾಕ್ಯ. ಅದೇ ರೀತಿಯ ಹಾಳೆಯನ್ನು ಅಕ್ಕೋರು ತಾವೇ ಮಾಡಿಕೊಂಡರು. ಅದರ ಜೊತೆಗೆ ಇನ್ನೊಂದು ಪರೀಕ್ಷೆ ಸೇರಿಸಿದರು, ಈ ಪ್ರಕರಣದ ಬೀಗದ ಕೈ ಇರುವುದೇ ಅದರಲ್ಲಿ. ಒಂದು ಪುಟ್ಟ ಇಂಗ್ಲಿಷ್ ಕತೆಯನ್ನು ನಿಧಾನಕ್ಕೆ ಓದಿ ಹೇಳಿ, ಏನಾಯಿತು ಅಂತ ಕನ್ನಡದಲ್ಲಿ ಕೇಳಿದರು. ಮಗು ಏನನ್ನೂ ಓದಬೇಕಿಲ್ಲ, ಕೇಳಿಸಿಕೊಂಡು ಹೇಳಿದರೆ ಸಾಕು.

ಎರಡನ್ನೂ ಪಕ್ಕಪಕ್ಕ ಇಟ್ಟಾಗ ತರಗತಿ ಬೇರೆಯದೇ ರೀತಿ ಕಂಡಿತು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಅಕ್ಷರ ಬಲ್ಲರು, ಮೂರಕ್ಷರದ ಪದ ಹೇಗೋ ದಾಟುತ್ತಾರೆ, ವಾಕ್ಯಕ್ಕೆ ಬಂದಾಗ ನಿಂತುಬಿಡುತ್ತಾರೆ. ನಾಲ್ಕೈದು ಮಕ್ಕಳು ಸರಾಗವಾಗಿ ಓದುತ್ತಾರೆ, ಆದರೆ ಓದಿದ್ದೇನು ಅಂದರೆ ಗೊತ್ತಿಲ್ಲ. ಎಲ್ಲರಿಗಿಂತ ಅಚ್ಚರಿ ತಂದದ್ದು ತಾಂಡಾದ ಒಬ್ಬ ಹುಡುಗಿ. ಹಾಳೆಯಲ್ಲಿ ಒಂದು ಪದವೂ ಓದಲಿಲ್ಲ. ಕತೆ ಕೇಳಿಸಿಕೊಂಡು ಮಾತ್ರ ಮುಕ್ಕಾಲು ಪಾಲು ಸರಿಯಾಗಿ ಹೇಳಿದಳು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಕಬ್ಬಿನ ಗದ್ದೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. ಗೊತ್ತಿಲ್ಲದ ಮಾತಿನ ನಡುವೆ ಗೊತ್ತಿರುವುದನ್ನು ಹಿಡಿದು ಊಹಿಸುವುದು ಅವಳಿಗೆ ದಿನದ ರೂಢಿ. ಇಂಥ ಹುಡುಗಿಯನ್ನು ದಡ್ಡರ ಸಾಲಿನಲ್ಲಿ ಕೂರಿಸಿದ್ದರಲ್ಲ ಅಂತ ನನಗೆ ಬಹಳ ಸಂಕಟವಾಯಿತು.

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿನ ಬಗ್ಗೆ ಒಂದು ಸರಳ ಲೆಕ್ಕ ಮುಂದಿಟ್ಟರು. ಓದಿ ಅರ್ಥ ಮಾಡಿಕೊಳ್ಳುವುದು ಅಂದರೆ ಅಕ್ಷರ ಬಿಡಿಸಿ ಓದುವ ಶಕ್ತಿ ಗುಣಿಸು ಆ ಭಾಷೆಯ ಮಾತು ತಿಳಿಯುವ ಶಕ್ತಿ. ಕೂಡಿಸುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರ ಸೊನ್ನೆಯೇ. ನಮ್ಮ ತರಗತಿಗಳಲ್ಲಿ ಆಗುವುದು ಏನು ಅಂದರೆ ಈ ಎರಡನ್ನೂ ಒಂದೇ ಪಾಠದಲ್ಲಿ, ಒಂದೇ ಪುಟದಲ್ಲಿ ಕಲಸಿಬಿಡುತ್ತೇವೆ. ಓದಲು ಬಾರದ ಮಗುವಿಗೆ ಸಾಲು ಸಾಲಾಗಿ ಕನ್ನಡ ಅರ್ಥ ಹೇಳುತ್ತೇವೆ, ಅರ್ಥವಾಗದ ಮಗುವಿಗೆ ಇನ್ನೊಮ್ಮೆ ಜೋರಾಗಿ ಓದು ಅನ್ನುತ್ತೇವೆ. ಇಬ್ಬರಿಗೂ ಬೇಕಾದದ್ದು ಸಿಗೋದಿಲ್ಲ.

ಹಾಗಾಗಿ ಅಕ್ಕೋರು ನಲವತ್ತು ನಿಮಿಷದ ಪಿರಿಯಡ್ಡನ್ನು ಎರಡು ಮಾಡಿದರು. ಮೊದಲ ಕಾಲು ಗಂಟೆ ಕಣ್ಣಿನ ಕೆಲಸ, ಅಂದರೆ ಅಕ್ಷರ ಬಿಡಿಸಿ ಓದುವುದು. ಉಳಿದದ್ದು ಕಿವಿಯ ಕೆಲಸ, ಅಂದರೆ ಕೇಳಿ ಅರ್ಥ ಮಾಡಿಕೊಳ್ಳುವುದು. ಎರಡಕ್ಕೂ ಬೇರೆ ಬೇರೆ ಪಠ್ಯ, ಬೇರೆ ಬೇರೆ ಗುಂಪು.

ಕಣ್ಣಿನ ಕೆಲಸದ ಮಾತು ಮೊದಲು. ಕನ್ನಡ ಓದುವ ಮಗುವಿಗೆ ಒಂದು ಗಟ್ಟಿ ನಂಬಿಕೆ ಇರುತ್ತದೆ, ಬರೆದದ್ದನ್ನು ಬರೆದ ಹಾಗೇ ಓದಬೇಕು ಅಂತ. ಕನ್ನಡದಲ್ಲಿ ಅದು ಹೆಚ್ಚುಕಡಿಮೆ ಸರಿ. ಅದೇ ನಂಬಿಕೆಯಿಂದ ಮಗು ಸಿ-ಓ-ಎಂ-ಇ ನೋಡಿ ಕೋಮೆ ಅನ್ನುತ್ತದೆ, ಕೆ-ಎನ್-ಐ-ಎಫ್-ಇ ನೋಡಿ ಕ್ನಿಫೆ ಅನ್ನುತ್ತದೆ. ಇದು ದಡ್ಡತನ ಅಲ್ಲ, ಒಂದು ಲಿಪಿಯ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದ್ದು ಅಷ್ಟೇ. ಇಂಗ್ಲಿಷಿನಲ್ಲಿ ಎ ಅನ್ನುವ ಒಂದೇ ಅಕ್ಷರ ಕ್ಯಾಟ್‌ನಲ್ಲಿ ಒಂದು ದನಿ, ಕೇಕ್‌ನಲ್ಲಿ ಒಂದು, ಕಾರ್‌ನಲ್ಲಿ ಮತ್ತೊಂದು. ಇದನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೆ ಮಗುವಿಗೆ ಹೇಗೆ ಗೊತ್ತಾಗಬೇಕು? ಅಕ್ಕೋರು ಮೊದಲ ವಾರ ಇದನ್ನೇ ಹೇಳಿದರು. ಮಕ್ಕಳ ಮುಖದ ಮೇಲಿದ್ದ ನಾಚಿಕೆ ಅರ್ಧ ಇಳಿದದ್ದೇ ಆಗ.

ಆಮೇಲೆ ಪದಗಳ ಮನೆತನ. ಕ್ಯಾಟ್, ಬ್ಯಾಟ್, ಮ್ಯಾಟ್ ಒಂದು ಮನೆ, ಟೆನ್, ಮೆನ್, ಪೆನ್ ಇನ್ನೊಂದು. ಅದು ಕೂತ ಮೇಲೆ ಕೊನೆಯಲ್ಲಿ ಬರುವ ಮೌನದ ಇ. ಕಿಟ್ ಬರೆದು ಒಂದು ಇ ಸೇರಿಸಿದರೆ ಕೈಟ್, ಹಾಪ್‌ಗೆ ಸೇರಿಸಿದರೆ ಹೋಪ್, ಕ್ಯಾಪ್‌ಗೆ ಸೇರಿಸಿದರೆ ಕೇಪ್. ಈ ಇ ತಾನು ಮಾತಾಡದೆ ಹಿಂದಿರುವ ಸ್ವರದ ದನಿ ಬದಲಿಸುತ್ತದೆ ಅಂತ ಕಂಡಾಗ ಹುಡುಗರು ತಾವೇ ಹೊಸ ಜೋಡಿ ಹುಡುಕಲು ಶುರು ಮಾಡಿದರು. ಯಾವ ನಿಯಮಕ್ಕೂ ಬಗ್ಗದ ಸೆಡ್, ವಾಸ್, ಕಮ್, ಸಮ್, ವೇರ್ ಥರದ ಪದಗಳನ್ನು ಮಾತ್ರ ಗೋಡೆಗೆ ಅಂಟಿಸಿ, ದಿನಾ ನೋಡಿ ನೋಡಿ ಗುರುತು ಹಿಡಿಯಲು ಬಿಟ್ಟರು.

ಇಲ್ಲಿ ವಯಸ್ಸಿನ ಪ್ರಶ್ನೆ ಬರುತ್ತದೆ. ಹನ್ನೆರಡು ಹದಿಮೂರು ವರ್ಷದ ಹುಡುಗನ ಕೈಗೆ ಸೇಬು, ಚೆಂಡು, ಬೆಕ್ಕಿನ ಚಿತ್ರದ ಪುಸ್ತಕ ಕೊಟ್ಟರೆ ಅವನು ಅದನ್ನು ಬೆಂಚಿನ ಕೆಳಗೆ ತಳ್ಳುತ್ತಾನೆ. ಅವಮಾನ ಆಗುತ್ತದೆ ಅವನಿಗೆ. ಅಕ್ಕೋರು ಚಿತ್ರಪುಸ್ತಕ ತರಲಿಲ್ಲ. ಬಸ್ಸಿನ ಬೋರ್ಡು, ಬಿಸ್ಕತ್ ಕವರು, ಬೀಜದ ಚೀಲ, ಔಷಧಿ ಡಬ್ಬಿಯ ಮೇಲಿನ ಎಚ್ಚರಿಕೆ, ಕ್ರಿಕೆಟ್ ಸ್ಕೋರು, ಇವನ್ನೇ ಹಾಳೆಯ ಮೇಲೆ ತಂದರು. ಕಲಿಯುವುದು ಒಂದನೇ ತರಗತಿಯ ಕೌಶಲ, ಆದರೆ ಸಾಮಗ್ರಿ ಏಳನೇ ತರಗತಿಯವನದು.

ಇನ್ನೊಂದು ನಿಯಮ ಮಾಡಿದರು, ನನ್ನ ಲೆಕ್ಕದಲ್ಲಿ ವರ್ಷದ ಅತಿ ಮುಖ್ಯ ನಿಯಮ ಇದೇ. ನಮ್ಮ ಮಕ್ಕಳು ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳುತ್ತಾರೆ. ಓದುವಾಗ ಕಣ್ಣು ಆ ಪೆನ್ಸಿಲ್ ಸಾಲಿನ ಮೇಲೇ ಓಡುತ್ತದೆ, ಕೆಳಗಿನ ಇಂಗ್ಲಿಷಿನ ಮೇಲೆ ಬೀಳುವುದೇ ಇಲ್ಲ. ಅಕ್ಕೋರು ಹೇಳಿದ್ದು ಹೀಗೆ: ಅರ್ಥ ಕನ್ನಡದಲ್ಲಿ ಬರೆದುಕೊಳ್ಳಿ, ಪಕ್ಕದ ಪುಟದಲ್ಲಿ ಬೇಕಾದಷ್ಟು ಬರೆಯಿರಿ, ಉಚ್ಚಾರ ಮಾತ್ರ ಕನ್ನಡದಲ್ಲಿ ಬೇಡ. ಎರಡು ವಾರ ಗಲಾಟೆ. "ಅಕ್ಕೋರ, ಅದಿಲ್ಲದ ಓದಾಕ ಬರಂಗಿಲ್ರಿ" ಅಂತ ಮುಂದಿನ ಬೆಂಚಿನ ಹುಡುಗ ಅಳುವ ದನಿಯಲ್ಲಿ ಹೇಳಿದ. "ಬರಂಗಿಲ್ಲ ಅಂತನ ಬ್ಯಾಡ ಅಂದೀನಿ, ತಮ್ಮಾ. ಮೂರು ಸಾಲು ಓದು ಸಾಕು" ಅಂದರು ಅಕ್ಕೋರು. ದೊಡ್ಡ ಪಾಠದ ಬದಲು ಮೂರೇ ಸಾಲು ಕೊಟ್ಟದ್ದರಿಂದ ಆ ನಿಯಮ ನಿಂತಿತು. ಪೂರ್ತಿ ಪಾಠ ಕೊಟ್ಟು ಪೆನ್ಸಿಲ್ ಕಿತ್ತುಕೊಂಡಿದ್ದರೆ ಮಕ್ಕಳು ಓದುವುದನ್ನೇ ಬಿಡುತ್ತಿದ್ದರು.

ಪದ ಬರುತ್ತದೆ, ವಾಕ್ಯ ಸಾಗುವುದಿಲ್ಲ ಅನ್ನುವವರಿಗೆ ಮರು ಓದು. ಜೇ ಸ್ಯಾಮ್ಯುಯೆಲ್ಸ್ ಎಂಬ ಸಂಶೋಧಕರು 1979ರಲ್ಲಿ ಬರೆದ ವಿಧಾನ ಇದು. ಚಿಕ್ಕದೊಂದು ಭಾಗ, ಅದನ್ನೇ ಸರಾಗ ಆಗುವವರೆಗೆ ಮತ್ತೆ ಮತ್ತೆ ಓದುವುದು. ತರಗತಿಯಲ್ಲಿ ಇಬ್ಬಿಬ್ಬರ ಜೋಡಿ, ಒಬ್ಬರು ಓದಿದರೆ ಇನ್ನೊಬ್ಬರು ಬೆರಳಿಟ್ಟು ನೋಡುವುದು, ಎಲ್ಲಿ ನಿಂತೆ ಅಂತ ಹೇಳುವುದು. ಒಬ್ಬ ಓದಿ ಉಳಿದ ಇಪ್ಪತ್ತೊಂಬತ್ತು ಜನ ಕಿಟಕಿ ನೋಡುವ ಪದ್ಧತಿಗಿಂತ ಇದು ಸಾವಿರ ಪಾಲು ಮೇಲು, ಎಲ್ಲರ ಬಾಯಿಯೂ ಒಂದೇ ಹೊತ್ತಿಗೆ ಆಡುತ್ತದೆ. ಗದ್ದಲ ಇರುತ್ತದೆ, ಪಕ್ಕದ ತರಗತಿಯ ಸರ್ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಅದನ್ನು ತಡೆದುಕೊಳ್ಳಬೇಕು.

ಇನ್ನು ಕಿವಿಯ ಕೆಲಸ. ಇದಕ್ಕೆ ಅಕ್ಕೋರು ಆರಿಸಿಕೊಂಡದ್ದು 1984ರಲ್ಲಿ ಅನ್ನಮೇರಿ ಪಾಲಿನ್‌ಸ್ಕರ್ ಮತ್ತು ಆನ್ ಬ್ರೌನ್ ಎಂಬ ಸಂಶೋಧಕರು ಪ್ರಕಟಿಸಿದ ವಿಧಾನ. ಗುಂಪಿನಲ್ಲಿ ಮಕ್ಕಳೇ ಸರದಿಯ ಮೇಲೆ ಟೀಚರ್ ಆಗುತ್ತಾರೆ. ನಾಲ್ಕು ಕೆಲಸ: ಮುಂದೇನು ಬರಬಹುದು ಅಂತ ಊಹಿಸುವುದು, ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಎರಡು ಮಾತಿನಲ್ಲಿ ಸಾರ ಹೇಳುವುದು. ಅಮೆರಿಕದಲ್ಲಿ ಆ ಅಧ್ಯಯನ ನಡೆದದ್ದೂ ಏಳನೇ ತರಗತಿಯ ಮಕ್ಕಳ ಜೊತೆಗೇ. ಆದರೆ ಒಂದು ವ್ಯತ್ಯಾಸವನ್ನು ಬಹಳ ಜನ ಗಮನಿಸುವುದಿಲ್ಲ. ಅಲ್ಲಿನ ಮಕ್ಕಳಿಗೆ ಅಕ್ಷರ ಬಿಡಿಸಿ ಓದಲು ಬರುತ್ತಿತ್ತು, ಅರ್ಥ ಮಾತ್ರ ಆಗುತ್ತಿರಲಿಲ್ಲ. ಅದನ್ನೇ ಇದ್ದ ಹಾಗೆ ತಂದು, ಓದಲು ಬಾರದ ಮಕ್ಕಳ ಕೈಗೆ ಪಠ್ಯ ಕೊಟ್ಟು ಗುಂಪು ಮಾಡಿ ಕೂರಿಸಿದರೆ ಓದಬಲ್ಲ ಒಬ್ಬಳು ಎಲ್ಲ ಮಾಡುತ್ತಾಳೆ, ಉಳಿದವರು ಅವಳದನ್ನು ನೋಡಿ ಬರೆದುಕೊಳ್ಳುತ್ತಾರೆ. ತರಬೇತಿಗಳಲ್ಲಿ ಗುಂಪು ಚಟುವಟಿಕೆ ಕಲಿತು ಬಂದವರು "ನಮ್ಮ ಶಾಲೇಲಿ ಇದು ನಡೆಯಲ್ಲ" ಅನ್ನುವುದು ಈ ಕಾರಣಕ್ಕೇ ಅಂತ ನನ್ನ ನಂಬಿಕೆ.

ಅಕ್ಕೋರು ಮಾಡಿದ್ದು ಏನೆಂದರೆ ಪಠ್ಯವನ್ನು ತಾವೇ ಓದಿದರು. ಪಾಠದ ಒಂದು ಭಾಗ, ಇಂಗ್ಲಿಷಿನಲ್ಲೇ, ನಿಧಾನಕ್ಕೆ, ಕೈ ಮುಖದ ಹಾವಭಾವ ಸೇರಿಸಿ. ಅಲ್ಲಲ್ಲಿ ನಿಂತು ತಮ್ಮ ಮನಸ್ಸಿನೊಳಗೆ ನಡೆಯುವುದನ್ನು ಬಾಯಿಬಿಟ್ಟು ಹೇಳಿದರು: ಈ ಪದ ನನಗೆ ಗೊತ್ತಿಲ್ಲ ಅಂದುಕೊಳ್ಳಿ, ಮುಂದಿನ ಸಾಲು ಕೇಳಿದರೆ ಏನೋ ತಿನ್ನೋ ವಸ್ತು ಇರಬೇಕು ಅನ್ನಿಸುತ್ತೆ. ಆಮೇಲೆ ನಾಲ್ಕು ನಾಲ್ಕು ಮಕ್ಕಳ ಗುಂಪು, ನಾಲ್ಕು ಕೆಲಸ, ಮಾತು ಕನ್ನಡದಲ್ಲಿ. ತಾಂಡಾದ ಮಕ್ಕಳು ತಮ್ಮೊಳಗೆ ಲಂಬಾಣಿಯಲ್ಲಿ ಮಾತಾಡಿದರೂ ಅಡ್ಡಿ ಇಲ್ಲ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡ ಯಾಕೆ ಅಂತ ಕೇಳುವವರು ಇದ್ದೇ ಇರುತ್ತಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಮಕ್ಕಳ ಹಲವು ಭಾಷೆಗಳನ್ನು ತರಗತಿಯ ಸಂಪನ್ಮೂಲ ಅಂತ ಕಾಣಬೇಕು ಎಂದಿದೆ. ಯೋಚನೆ ಮೊದಲು ಬರಲಿ, ಅದಕ್ಕೆ ಇಂಗ್ಲಿಷ್ ಆಮೇಲೆ ತೊಡಿಸೋಣ. ತಿಂಗಳುಗಳು ಕಳೆದಂತೆ ಹೂ, ವೇರ್, ವೈ ಇಂಗ್ಲಿಷಿನಲ್ಲಿ ಬಂದವು, ಆಮೇಲೆ ಐ ಥಿಂಕ್ ಅಂತ ಶುರು ಮಾಡಿ ಬಿಕಾಸ್ ಸೇರಿಸುವ ಅರ್ಧ ವಾಕ್ಯಗಳು ಬಂದವು. ಕತೆ ಚೆನ್ನಾಗಿ ಕೇಳಿಸಿಕೊಂಡ ಆ ಹುಡುಗಿ ತನ್ನ ಗುಂಪಿನಲ್ಲಿ ಊಹೆ ಹೇಳುವ ಕೆಲಸ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ನಡುನಡುವೆ ಲೆಕ್ಕ ಹಾಕಬೇಕಾದ ಕೆಲಸಗಳೂ ಇದ್ದವು. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರಿನಲ್ಲಿ ಶುರು ಮಾಡಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗದ ದಾರಿ ಅದು. ಮಕ್ಕಳಿಗೆ ವ್ಯಾಕರಣ ಹೇಳದೆ ವೇಳಾಪಟ್ಟಿ, ನಕ್ಷೆ ಕೊಟ್ಟು ಸಮಸ್ಯೆ ಬಿಡಿಸಲು ಹೇಳುತ್ತಿದ್ದರು, ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಕೂರುತ್ತದೆ ಅನ್ನುವುದು ಅವರ ವಾದ. ಅಕ್ಕೋರು ಅಥಣಿಯಿಂದ ತಿಕೋಟಾ ಮೇಲೆ ವಿಜಯಪುರಕ್ಕೆ ಹೋಗುವ ಬಸ್ಸುಗಳ ಒಂದು ಪಟ್ಟಿ ಮಾಡಿ, ಅಜ್ಜಿ ಹತ್ತು ಗಂಟೆಗೆ ದವಾಖಾನೆಯಲ್ಲಿರಬೇಕು, ಯಾವ ಬಸ್ ಹಿಡಿಯಬೇಕು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಲೆಕ್ಕದಲ್ಲಿ ಚುರುಕಿದ್ದ ಹುಡುಗರು ಅವತ್ತು ಮೊದಲ ಬಾರಿ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕೈ ಎತ್ತಿದರು.

ಕಣ್ಣು ಮತ್ತು ಕಿವಿ ಒಂದಾದದ್ದು ದ್ರಾಕ್ಷಿ ಸುಗ್ಗಿಯಲ್ಲಿ. ಈ ಕಡೆ ಫೆಬ್ರವರಿ ಬಂತು ಅಂದರೆ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡುಗಳು ತುಂಬುತ್ತವೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲೇ. ಅಕ್ಕೋರು ಪುಸ್ತಕ ತೆಗೆಯದೆ, ಮಣೂಕ ಹೆಂಗ ಮಾಡ್ತಾರ ನನಗ ಹೇಳ್ರಿ ಅಂದರು. ಮಕ್ಕಳು ಹೇಳಿದ್ದನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿ ಹಲಗೆ ಮೇಲೆ ಬರೆದರು. ವಿ ಕಟ್ ದ ಗ್ರೇಪ್ಸ್. ವಿ ಡಿಪ್ ದೆಮ್ ಇನ್ ಆಯಿಲ್. ಇಷ್ಟಕ್ಕೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಹಂಗಲ್ರಿ ಅಕ್ಕೋರ, ಬರೇ ಎಣ್ಣಿ ಅಲ್ಲ. ನೀರಾಗ ಪೌಡರ್, ಎಣ್ಣಿ ಎರಡೂ ಕಲಸ್ತಾರ್ರಿ." ಅವನು ಹೇಳಿದ್ದು ಸರಿ, ಆ ಪೌಡರು ಪೊಟ್ಯಾಸಿಯಂ ಕಾರ್ಬೋನೇಟ್, ಎಣ್ಣೆ ಸೇರಿದ ಆ ನೀರಿನಲ್ಲಿ ಅದ್ದಿದರೆ ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲವಾಗಿ ಬೇಗ ಒಣಗುತ್ತದೆ. ಹಲಗೆಯ ವಾಕ್ಯ ಅಳಿಸಿ ಹೊಸದು ಬಂತು: ವಿ ಮಿಕ್ಸ್ ದ ಪೌಡರ್ ಆಂಡ್ ದ ಆಯಿಲ್ ಇನ್ ವಾಟರ್. ಆಮೇಲೆ ಬಿಸಿಲಿಗೋ ನೆರಳಿಗೋ ಅಂತ ವಾದ, ನೆರಳಿಗೆ ಅಂತ ತೀರ್ಮಾನ. ಎಷ್ಟು ದಿನ ಅಂತ ವಾದ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ ಅನ್ನುವುದಕ್ಕೆ ಮಾತ್ರ ಎಲ್ಲರೂ ಒಪ್ಪಿದರು.

ನಾನು ಅವತ್ತು ಹಿಂದೆ ಕೂತಿದ್ದೆ. ಬರಹವನ್ನು ತಿದ್ದುವುದು ಅಂದರೆ ಸ್ಪೆಲಿಂಗ್ ಸರಿಮಾಡುವುದು ಅಂತಷ್ಟೇ ತಿಳಿದಿದ್ದ ಮಕ್ಕಳು, ವಿಷಯ ನಿಜ ಅಲ್ಲ ಅನ್ನುವ ಕಾರಣಕ್ಕೆ ಟೀಚರಿನ ಇಂಗ್ಲಿಷ್ ವಾಕ್ಯವನ್ನು ತಿದ್ದಿಸಿದರು. ಹದಿನೈದು ಸಾಲಿನ ಆ ಪಠ್ಯವನ್ನು ಮರುದಿನ ಜೋಡಿಯಲ್ಲಿ ಓದಿದಾಗ, ಜೂನ್‌ನಲ್ಲಿ ಮೂರಕ್ಷರಕ್ಕೆ ನಿಂತವರೂ ಸ್ಪ್ರೆಡ್, ಶೇಡ್ ಅಂತ ದಾಟಿಕೊಂಡು ಹೋದರು. ಮುಂದೇನು ಬರಬೇಕು ಅಂತ ಗೊತ್ತಿದ್ದರೆ ಅಕ್ಷರ ಬಿಡಿಸುವ ಭಾರ ಇಳಿಯುತ್ತದೆ. ನೆನಪಿನಿಂದ ಹೇಳುತ್ತಿದ್ದಾರಾ ಅಂತ ನೋಡಲು ವಾಕ್ಯಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕಲಸಿ ಕೊಟ್ಟರು, ಜೋಡಿಸಿದರು. ನಂತರ ಒಂದೊಂದು ವಾಕ್ಯವನ್ನೂ ಪದ ಪದವಾಗಿ ಕತ್ತರಿಸಿದರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಬಹಳ ಮಕ್ಕಳು ವಿ ಗ್ರೇಪ್ಸ್ ಕಟ್ ಅಂತ ಜೋಡಿಸಿದರು. ಕಟ್ ಅನ್ನುವ ಚೀಟಿಯನ್ನು ಕೈಯಿಂದ ಎತ್ತಿ ನಡುವೆ ಇಡುವುದು, ಹತ್ತು ಸಲ ವ್ಯಾಕರಣ ಹೇಳುವುದಕ್ಕಿಂತ ಚೆನ್ನಾಗಿ ತಲೆಗೆ ಹೋಯಿತು.

ಇದೇ ಅಚ್ಚಿನಲ್ಲಿ ಮಕ್ಕಳು ತಮ್ಮದೊಂದು ಬರೆದರು. ಫಸ್ಟ್, ದೆನ್, ಆಫ್ಟರ್ ದಟ್ ಅಂತ ಮೂರು ಆಸರೆ. ಜೋಳದ ರಾಶಿ, ಎಮ್ಮೆ ಹಿಂಡುವುದು, ಪಂಪ್‌ಸೆಟ್ ಚಾಲೂ ಮಾಡುವುದು. ತಿದ್ದುವಾಗ ಅಕ್ಕೋರು ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಗುರುತಿಸಿದರು. ಈ ಸಲ ಕ್ರಿಯಾಪದದ ಜಾಗ ಮಾತ್ರ, ಸ್ಪೆಲಿಂಗ್ ಮುಂದಿನ ಸಲ. ಪುಟ ತುಂಬ ಕೆಂಪು ಕಂಡರೆ ಮಗು ಮುಂದಿನ ಸಲ ಎರಡೇ ಸಾಲು ಬರೆಯುತ್ತದೆ, ಇದು ಎಲ್ಲ ಶಿಕ್ಷಕರೂ ಕಂಡದ್ದೇ.

ತೊಂದರೆ ಬರಲಿಲ್ಲ ಅಂತಲ್ಲ. ಪಾಲಕರ ಸಭೆಯಲ್ಲಿ ಒಬ್ಬ ತಾಯಿ ನೋಟ್‌ಬುಕ್ ತಿರುವಿ, "ಪ್ರಶ್ನೋತ್ತರ ಎಲ್ಲಿ ಅದಾವ್ರಿ ಅಕ್ಕೋರ? ಪರೀಕ್ಷಾಕ ಏನು ಬರೀಬೇಕ್ರಿ?" ಅಂದರು. ನ್ಯಾಯವಾದ ಪ್ರಶ್ನೆ. ಅಕ್ಕೋರು ವಾದ ಮಾಡಲಿಲ್ಲ, ಮಗನನ್ನು ಕರೆದು ಅವ್ವನ ಮುಂದೆ ಮಣೂಕದ ಪಠ್ಯ ಓದಿಸಿದರು. ಪಾಠಕ್ಕೆ ಹತ್ತು ಪ್ರಶ್ನೋತ್ತರ ಬರೆಸುವ ಬದಲು ಎರಡು ಮೂರು ಬರೆಸಿದರು, ಅವನ್ನೂ ಮಕ್ಕಳ ಮಾತಿನಲ್ಲೇ. ವರ್ಷದ ನಡುನಡುವೆ ನಡೆಯುವ ಎಫ್‌ಎ (ರೂಪಣಾತ್ಮಕ) ಮೌಲ್ಯಮಾಪನದಲ್ಲಿ ಚಟುವಟಿಕೆಗೆ ಜಾಗ ಇರುವುದರಿಂದ ಈ ಓದು ಬರಹವನ್ನೇ ಅಲ್ಲಿ ದಾಖಲು ಮಾಡಿದರು. ಎರಡು ಪಾಠ ಓಡಿಸಿ ಮುಗಿಸಬೇಕಾಯಿತು. ಅದು ಸರಿಯಾದ ಆಯ್ಕೆ ಅಂತಲೇ ನಾನು ಹೇಳುತ್ತೇನೆ.

ವರ್ಷದ ಕೊನೆಗೆ ಅದೇ ವರಾಂಡದಲ್ಲಿ, ಮಕ್ಕಳು ನೋಡಿರದ ಹೊಸ ಹಾಳೆ ಹಿಡಿದು ಮತ್ತೆ ನೋಡಿದರು. ವಾಕ್ಯಕ್ಕೆ ನಿಲ್ಲುತ್ತಿದ್ದವರಲ್ಲಿ ಹೆಚ್ಚಿನವರು ಚಿಕ್ಕ ಪ್ಯಾರಾ ಓದಿ ಏನಿದೆ ಅಂತ ಹೇಳಿದರು. ಕೆಲವರು ಇನ್ನೂ ಪದದಲ್ಲೇ ಇದ್ದಾರೆ. ತಾಂಡಾದ ಹುಡುಗಿ ವಾಕ್ಯ ಓದುತ್ತಾಳೆ, ನಿಧಾನ, ಆದರೆ ಓದಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ. ಸ್ಪೆಲಿಂಗ್ ಹಿಂದಿನ ವರ್ಷದ ನೋಟ್‌ಬುಕ್ಕಿಗಿಂತ ಕೆಟ್ಟದಾಗಿ ಕಾಣುತ್ತದೆ, ಯಾಕಂದರೆ ಈಗ ಬರೆಯುವುದು ಅವರದೇ ವಾಕ್ಯ. ಇಂಗ್ಲಿಷಿನಲ್ಲಿ ಮಾತಾಡುವುದು ಅಷ್ಟೇನೂ ಮುಂದೆ ಹೋಗಿಲ್ಲ, ಅರ್ಧ ವಾಕ್ಯದ ಆಸರೆ ತೆಗೆದರೆ ಮೌನ.

ಎಲ್ಲಕ್ಕಿಂತ ಕೈಗೆ ಸಿಗದೆ ಉಳಿದವರು ಕಬ್ಬಿಗೆ ಹೋಗಿ ಬಂದ ಮಕ್ಕಳು. ಅವರು ದಸರಾ ಹೊತ್ತಿಗೆ ಎಲ್ಲಿದ್ದರೋ ಅದಕ್ಕಿಂತ ಹಿಂದೆ ಹೋಗಿದ್ದರು. ಒಬ್ಬ ಹುಡುಗ ಮಾತ್ರ ಹೋಳಿ ಮುಗಿಸಿ ಬಂದು, ಕಬ್ಬು ಕಡಿಯುವುದು ಹೇಗೆ ಅಂತ ಅದೇ ಫಸ್ಟ್, ದೆನ್ ಹಾಕಿ ಆರು ಸಾಲು ಬರೆದ. ಅದರಿಂದ ಅಕ್ಕೋರಿಗೆ ಒಂದು ದಾರಿ ಹೊಳೆದಿದೆ. ಈ ಜೂನ್‌ನಿಂದ ಆರನೇ ತರಗತಿಗೂ ವರಾಂಡದ ಎರಡೂ ಪರೀಕ್ಷೆ ಮಾಡುತ್ತಾರೆ, ಮತ್ತು ದಸರಾ ರಜೆಗೆ ಮೊದಲು, ಗ್ಯಾಂಗಿನ ಜೊತೆ ಹೋಗುವ ಪ್ರತಿ ಮಗುವಿನ ಕೈಗೆ ಓದಿ ಮುಗಿಸಿದ ಪಠ್ಯಗಳ ಒಂದು ಫೈಲ್ ಕೊಡುತ್ತಾರೆ. ಹೊಸ ಪಠ್ಯ ಅದರಲ್ಲಿ ಇರುವುದಿಲ್ಲ, ಗೊತ್ತಿರುವುದನ್ನೇ ಮರಳಿ ಓದಲಿ ಅಂತ. ಅದೇ ಪಠ್ಯಗಳನ್ನು ತಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಅಪ್ಪನ ಮೊಬೈಲಿಗೆ ವಾಟ್ಸಾಪ್ ಮಾಡುತ್ತಾರೆ. ರೆಕಾರ್ಡಿಂಗ್ ಕೆಲಸ ನಾವಿಬ್ಬರೂ ಶುರು ಮಾಡಿದ್ದೇವೆ. ಮೊದಲು ಮಾಡಿದ್ದು ಆ ಹುಡುಗ ಬರೆದ ಕಬ್ಬಿನ ಪಠ್ಯ.